ಟ್ಯಾಂಕಿನ ತಳದಿಂದ ಪೆಟ್ರೋಲ್ ಜಿನುಗುತ್ತಿದೆ, ಮನೆಯಲ್ಲೇ ಸರಿಪಡಿಸಬಹುದೇ?

ಘಟ್ಟದ ಸವಾರ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ನನ್ನದು 2004ರ ನೂರು ಸಿಸಿ ಬೈಕು, ಕಾರ್ಬ್ಯುರೇಟರ್ ಇರುವಂಥದ್ದು. ಬೆಳಿಗ್ಗೆ ಡೈರಿಗೆ ಹಾಲು ಹಾಕುವುದರಿಂದ ಹಿಡಿದು ಸಂಜೆ ತೋಟಕ್ಕೆ ಗೊಬ್ಬರದ ಚೀಲ ಸಾಗಿಸುವವರೆಗೆ ಮನೆಯ ಅರ್ಧ ಕೆಲಸ ಅದರ ಮೇಲೆಯೇ ನಡೆಯುತ್ತದೆ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯ ಹತ್ತಿರ ಹೋದರೆ ಪೆಟ್ರೋಲ್ ವಾಸನೆ ಬರತೊಡಗಿತು. ಈಗ ಟ್ಯಾಂಕಿನ ತಳ ಮುಟ್ಟಿದರೆ ಬೆರಳು ಒದ್ದೆಯಾಗುತ್ತದೆ, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಕಲೆ ಕಾಣುತ್ತದೆ.

ಪೇಟೆಯ ಗ್ಯಾರೇಜಿನಲ್ಲಿ ಟ್ಯಾಂಕೇ ಬದಲಾಯಿಸಿ ಎಂದರು. ಈ ಮಾದರಿಯ ಹೊಸ ಟ್ಯಾಂಕು ಸುಲಭಕ್ಕೆ ಸಿಗುವುದಿಲ್ಲ, ಗುಜರಿಯಲ್ಲಿ ಸಿಕ್ಕಿದ್ದು ಇದಕ್ಕಿಂತ ಹಾಳಾಗಿತ್ತು. ಸದ್ಯಕ್ಕೆ ಬಟ್ಟೆ ಸಾಬೂನು ತಿಕ್ಕಿ ನಿಲ್ಲಿಸಿದ್ದೇನೆ. ಮನೆಯಲ್ಲೇ ಮಾಡಬಹುದಾದ ಗಟ್ಟಿ ಉಪಾಯ ಇದ್ದರೆ ದಯವಿಟ್ಟು ತಿಳಿಸಿ.

ಪಡುವಣ ಗಾಳಿ:

ಎಪಾಕ್ಸಿ ಪುಟ್ಟಿ ತನ್ನಿ. ಎರಡು ಬಣ್ಣದ ಮುದ್ದೆ ಬರುತ್ತದಲ್ಲ, ಎರಡನ್ನೂ ಸಮವಾಗಿ ಹಿಸುಕಿ ಬೆರೆಸಿ, ಸೋರುವ ಜಾಗಕ್ಕೆ ಒತ್ತಿ, ಒಂದು ದಿನ ಬಿಡಿ. ನಮ್ಮ ಉಡುಪಿಯ ಉಪ್ಪುಗಾಳಿಗೆ ಟ್ಯಾಂಕು ತೂತಾಗುವುದು ಮಾಮೂಲು. ಎಲ್ಲರೂ ಮಾಡುವುದು ಇದನ್ನೇ. ಇಷ್ಟಕ್ಕೆ ಟ್ಯಾಂಕು ಬಿಚ್ಚುವುದು, ತೊಳೆಯುವುದು ಎಂದು ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಹಾಲು ಹಾಕುವುದು ಯಾರು?

ಕೀಲೆಣ್ಣೆ:

ಪುಟ್ಟಿ, ಬೆಸುಗೆ ಎಲ್ಲ ಆಮೇಲೆ. ಮೊದಲು ಎಲ್ಲಿಂದ ಸೋರುತ್ತಿದೆ ಎನ್ನುವುದು ಖಚಿತವಾಗಲಿ. ಟ್ಯಾಂಕು ತೂತಾಗಿದೆ ಎಂದು ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಟ್ಯಾಂಕು ಗಟ್ಟಿಯಾಗಿಯೇ ಇರುತ್ತದೆ. ಪೆಟ್ರೋಲ್ ಕಾಕಿನ, ಅಂದರೆ ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಬಿಡುವ ನಲ್ಲಿಯ, ಒಳಗಿನ ವಾಷರ್ ಗಡಸಾಗಿರುತ್ತದೆ. ಕಾಕು ಟ್ಯಾಂಕಿಗೆ ಕೂರುವ ಕಡೆಯ ರಬ್ಬರ್ ಬಳೆ, ಓ-ರಿಂಗ್, ಬಿರುಕು ಬಿಟ್ಟಿರುತ್ತದೆ. ರಬ್ಬರ್ ಪೈಪು ತುದಿಯಲ್ಲಿ ಸೀಳಿರುತ್ತದೆ. ಕಾರ್ಬ್ಯುರೇಟರಿನ ಸೂಜಿಯಲ್ಲಿ ಕಸ ಸಿಕ್ಕಿಕೊಂಡು ಓವರ್‌ಫ್ಲೋ ಪೈಪಿನಿಂದ ಸುರಿಯುತ್ತಿರುತ್ತದೆ. ಮೀಟರಿಗೆ ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟು ಟ್ಯಾಂಕಿನ ತಳದಲ್ಲಿದ್ದರೆ ಅದರ ಗ್ಯಾಸ್ಕೆಟ್ ಕೂಡ ಸೋರುತ್ತದೆ. ಇವೆಲ್ಲ ಕೆಲವೇ ರೂಪಾಯಿಯ ಸಾಮಾನು.

ಪೆಟ್ರೋಲ್ ನೀರಿನಂತೆ ಒಂದೇ ಕಡೆ ನಿಲ್ಲುವುದಿಲ್ಲ. ಹುಟ್ಟಿದ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಅದಕ್ಕೆ ಹೀಗೆ ಮಾಡಿ: ಸಾಬೂನನ್ನು ಪೂರ್ತಿ ಒರೆಸಿ ತೆಗೆಯಿರಿ. ಟ್ಯಾಂಕಿನ ತಳ, ಅಂಚಿನ ಜೋಡಣೆ, ಕಾಕಿನ ಸುತ್ತ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಶಾಲೆಯ ಬಿಳಿ ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಬ್ರಷ್‌ನಿಂದ ಅಲ್ಲೆಲ್ಲ ತೆಳುವಾಗಿ ಬಳಿಯಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಪೆಟ್ರೋಲ್ ಹುಟ್ಟುವ ಜಾಗದಲ್ಲಿ ಸುಣ್ಣ ಬೂದಿ ಬಣ್ಣಕ್ಕೆ ತಿರುಗಿ ಚುಕ್ಕೆಯಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲೇ, ಬಯಲಿನಲ್ಲೇ ನೋಡಿ.

ರಸಾಯನದ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ರಿಪೇರಿಯ ಬಗ್ಗೆ ಬಲ್ಲವರು ಹೇಳುತ್ತಾರೆ, ನಾನು ಅಪಾಯದ ಬಗ್ಗೆ ಹೇಳಲೇಬೇಕು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗಿಬಿಡುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ ಎಂದ ಮೇಲೆ ನಮ್ಮ ಹವೆಯ ಮಾತೇ ಬೇಡ. ಗಾಳಿಯಲ್ಲಿ ಈ ಆವಿ ಶೇ. 1.4ರಿಂದ ಶೇ. 7.6ರವರೆಗೆ ಇದ್ದರೆ ಒಂದು ಕಿಡಿ ಸಾಕು.

ಈಗ ಒಂದು ಲೆಕ್ಕ ನೋಡಿ. ಹತ್ತು ಲೀಟರಿನ ಖಾಲಿ ಟ್ಯಾಂಕು. ಅದರ ಶೇ. 1.4 ಎಂದರೆ 140 ಮಿಲಿಲೀಟರ್ ಆವಿ. ಅಷ್ಟು ಆವಿಯ ತೂಕ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ಅದನ್ನು ದ್ರವವಾಗಿ ಅಳೆದರೆ ಒಂದು ಮಿಲಿಲೀಟರೂ ಆಗುವುದಿಲ್ಲ. ಅಂದರೆ ಔಷಧದ ಸಿರಿಂಜಿನ ಒಂದು ಮಿಲಿಲೀಟರಿನ ಗೆರೆ ಮುಟ್ಟದಷ್ಟು ಪೆಟ್ರೋಲ್ ಟ್ಯಾಂಕಿನ ಮಡಿಕೆಯಲ್ಲಿ, ತುಕ್ಕಿನ ಪದರದಲ್ಲಿ ಉಳಿದಿದ್ದರೂ ಆ ಟ್ಯಾಂಕು ಸಿಡಿಯಲು ಸಾಕು. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ, ಗಾಳಿಯೂ ಕಡಿಮೆ. ಜನ ಹೆದರುವುದು ತುಂಬಿದ ಟ್ಯಾಂಕಿಗೆ, ಪ್ರಾಣ ತೆಗೆಯುವುದು ಖಾಲಿ ಟ್ಯಾಂಕು.

ಇನ್ನೊಂದು ವಿಷಯ. ನಮ್ಮಲ್ಲಿ ರಾತ್ರಿ ಬೈಕನ್ನು ಪಡಸಾಲೆಗೆ ಏರಿಸಿ ಬಾಗಿಲು ಹಾಕುವವರು ಬಹಳ ಮಂದಿ. ಸೋರುವ ಬೈಕನ್ನು ಮಾತ್ರ ಹಾಗೆ ಮಾಡಬೇಡಿ. ದೇವರ ದೀಪ, ಬಚ್ಚಲ ಒಲೆ, ಫ್ರಿಜ್, ಇನ್‌ವರ್ಟರ್, ಕೊನೆಗೆ ಗೋಡೆಯ ಸ್ವಿಚ್ಚು ಕೂಡ ಕಿಡಿಯ ಮೂಲವೇ.

ಘಟ್ಟದ ಸವಾರ:

ಮೇಷ್ಟ್ರೇ, ನಿಮ್ಮ ಮಾತು ಓದಿದ ಕೂಡಲೇ ಗಾಡಿಯ ಜಾಗ ಬದಲಾಯಿಸಿದೆ. ನಮ್ಮ ಬಚ್ಚಲ ಒಲೆಯ ಹಿಂದಿನ ಚಪ್ಪರದಲ್ಲೇ ಅದು ನಿಲ್ಲುತ್ತಿತ್ತು, ಹಂಡೆಯ ಒಲೆಯಲ್ಲಿ ಕೆಂಡ ಆರುವುದೇ ಇಲ್ಲ.

ಕೀಲೆಣ್ಣೆಯವರು ಹೇಳಿದ ಹಾಗೆ ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಕಾಕು, ಪೈಪು ಒಣಗಿಯೇ ಇವೆ. ಟ್ಯಾಂಕಿನ ಹಿಂಭಾಗದ ಎಡಮೂಲೆಯಲ್ಲಿ, ಕೆಳಗಿನ ಅಂಚಿನ ಜೋಡಣೆಗಿಂತ ಒಂದು ಬೆರಳು ಮೇಲೆ ಸಾಸಿವೆಯಷ್ಟು ಚುಕ್ಕೆ ಮೂಡಿತು. ಅದರ ಪಕ್ಕದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಗುಳ್ಳೆ ಒಡೆದೆ. ಒಳಗೆ ಕಂದು ಪುಡಿ, ಅದರ ನಡುವೆ ಒದ್ದೆ.

ಕೀಲೆಣ್ಣೆ:

ಗಾಡಿಯನ್ನು ಯಾವಾಗಲೂ ಸೈಡ್ ಸ್ಟ್ಯಾಂಡಿನಲ್ಲೇ ನಿಲ್ಲಿಸುತ್ತೀರಿ ತಾನೇ? ಅದು ಎಡಕ್ಕೆ ವಾಲುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಟ್ಯಾಂಕಿಗೆ ಇಳಿದ ನೀರೆಲ್ಲ ಅತಿ ತಗ್ಗಿನ ಜಾಗಕ್ಕೆ, ಅಂದರೆ ಹಿಂದಿನ ಎಡಮೂಲೆಗೆ ಸೇರುತ್ತದೆ. ಕಾಕಿನ ಕೊಳವೆಗೆ ಅದು ಎಟುಕುವುದಿಲ್ಲ, ಹಾಗಾಗಿ ಹೊರಗೆ ಬರುವುದೂ ಇಲ್ಲ. ವರ್ಷಗಟ್ಟಲೆ ಅಲ್ಲೇ ಕುಳಿತು ಒಳಗಿನಿಂದ ತಗಡನ್ನು ತಿನ್ನುತ್ತದೆ. ತಗಡು ಇರುವುದೇ ಒಂದು ಮಿಲಿಮೀಟರಿನ ಆಸುಪಾಸು. ನಿಮಗೆ ಹೊರಗೆ ಕಂಡ ಸಾಸಿವೆ ಚುಕ್ಕೆ ಆ ಕೆಲಸದ ಕೊನೆಯ ಹಂತ.

ಆದ್ದರಿಂದ ನೀವು ಕೇಳಬೇಕಾದ ನಿಜವಾದ ಪ್ರಶ್ನೆ ತೂತು ಮುಚ್ಚುವುದು ಹೇಗೆ ಎನ್ನುವುದಲ್ಲ, ನೀರು ಒಳಗೆ ಬಂದದ್ದು ಎಲ್ಲಿಂದ ಎನ್ನುವುದು. ಅದು ತಿಳಿಯದೆ ಏನು ಮೆತ್ತಿದರೂ ಮುಂದಿನ ಮಳೆಗಾಲಕ್ಕೆ ಪಕ್ಕದಲ್ಲೇ ಇನ್ನೊಂದು ಚುಕ್ಕೆ ಏಳುತ್ತದೆ.

ಪಡುವಣ ಗಾಳಿ:

ನೀರಿನ ಮಾತು ಒಪ್ಪೋಣ. ಆದರೆ ಈಗೀಗ ಇಷ್ಟೊಂದು ಹಳೆಯ ಗಾಡಿಗಳು ಒಮ್ಮೆಗೇ ಸೋರುತ್ತಿರುವುದಕ್ಕೆ ಎಥನಾಲ್ ಬೆರೆಸಿದ ಪೆಟ್ರೋಲೇ ಕಾರಣ ಅಲ್ಲವೇ? ಮೊದಲು ಹೀಗಿರಲಿಲ್ಲ.

ರಸಾಯನದ ಮೇಷ್ಟ್ರು:

ಅರ್ಧ ನಿಜ. ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇ. 10 ತಲುಪಿತು, 2025ರಲ್ಲಿ ಶೇ. 20 ಆಯಿತು. 2004ರ ಗಾಡಿಯನ್ನು ಇದಕ್ಕೆಂದು ಮಾಡಿರಲಿಲ್ಲ. ಹಳೆಯ ರಬ್ಬರು, ವಾಷರುಗಳ ಮೇಲೆ ಎಥನಾಲಿನ ಪರಿಣಾಮ ಆಗುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ ಹಳೆಯ ಅಂಟು, ತುಕ್ಕು ಸಡಿಲವಾಗಿ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಆದರೆ ಉಕ್ಕಿನ ತಗಡನ್ನು ಎಥನಾಲ್ ಒಂದೇ ತಿಂದು ತೂತು ಮಾಡುವುದಿಲ್ಲ, ಅದಕ್ಕೆ ನೀರು ಬೇಕು.

ಎಥನಾಲಿಗೆ ನೀರಿನ ಮೋಹ ಹೆಚ್ಚು, ಗಾಳಿಯ ತೇವವನ್ನೂ ಹೀರುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲೇ ಬೆರೆಸಿಕೊಂಡು ಎಂಜಿನ್ನಿಗೆ ಸಾಗಿಸುತ್ತದೆ, ಅದು ಒಳ್ಳೆಯದೇ. ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ದಿನವೂ ಓಡಿಸಿ, ದಿನವೂ ತುಂಬಿಸುವ ಗಾಡಿಗೆ ಈ ತೊಂದರೆ ಕಡಿಮೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ಮೂಲೆಗೆ ನಿಂತ ಗಾಡಿಗೆ ಹೆಚ್ಚು.

ಘಟ್ಟದ ಸವಾರ ಅವರೇ, ಟ್ಯಾಂಕು ಖಾಲಿ ಮಾಡುವಾಗ ಕೊನೆಯ ಅರ್ಧ ಲೀಟರನ್ನು ಪಾರದರ್ಶಕ ಗಾಜಿನ ಬಾಟಲಿಗೆ ಹಿಡಿದು ನಿಲ್ಲಿಸಿ ನೋಡಿ. ಎರಡು ಪದರ ಕಂಡರೆ ಕೆಳಗಿನದು ನಿಮ್ಮ ಶತ್ರು. ಇನ್ನು ಸಾಬೂನಿನ ವಿಷಯ: ಪೆಟ್ರೋಲಿನಲ್ಲಿ ಸಾಬೂನು ಕರಗುವುದಿಲ್ಲ ಎನ್ನುವುದೇ ಆ ಉಪಾಯದ ಗುಟ್ಟು. ಆದರೆ ಎಥನಾಲಿನಲ್ಲಿ ಅಷ್ಟಿಷ್ಟು ಕರಗುತ್ತದೆ, ಮಳೆನೀರಿನಲ್ಲಂತೂ ಕೇಳುವುದೇ ಬೇಡ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲು ಮಾತ್ರ ಅದನ್ನು ನಂಬಿ.

ಬೆಂಕಿ ಕೆಲಸದವನು:

ದಾವಣಗೆರೆಯಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ ನನ್ನದು. ಟ್ಯಾಂಕಿನ ಕೆಲಸ ತಂದೆಯ ಕಾಲದಿಂದ ಮಾಡುತ್ತಾ ಬಂದಿದ್ದೇವೆ. ಮೊದಲ ಮಾತು: ಮನೆಯಲ್ಲಿ ಟ್ಯಾಂಕಿಗೆ ಬೆಂಕಿ ತೋರಿಸಬೇಡಿ. ವೆಲ್ಡಿಂಗ್ ಬೇಡ, ಗ್ಯಾಸ್ ಟಾರ್ಚೂ ಬೇಡ, ಒಲೆಯಲ್ಲಿ ಕಾಯಿಸಿದ ಬೆಸುಗೆ ಕೋಲೂ ಬೇಡ. ತೊಳೆದಿದ್ದೇನೆ, ವಾಸನೆ ಇಲ್ಲ ಎಂದು ನಿಮ್ಮ ಮೂಗು ಹೇಳಿದರೂ ಬೇಡ.

ನಾವು ಹೇಗೆ ಮಾಡುತ್ತೇವೆ ಎಂದರೆ, ಟ್ಯಾಂಕು ಬಂದ ದಿನ ಮುಟ್ಟುವುದೇ ಇಲ್ಲ. ಮುಚ್ಚಳ, ಕಾಕು ಬಿಚ್ಚಿ ಬಯಲಿನಲ್ಲಿ ಬಿಡುತ್ತೇವೆ. ಮರುದಿನ ಕುದಿಯುವ ನೀರಿಗೆ ಬಟ್ಟೆ ಒಗೆಯುವ ಪುಡಿ ಹಾಕಿ ಮತ್ತೆ ಮತ್ತೆ ಕುಲುಕಿ ತೊಳೆಯುತ್ತೇವೆ. ಆಮೇಲೆ ತೂತು ಮೇಲಕ್ಕೆ ಬರುವ ಹಾಗೆ ಟ್ಯಾಂಕನ್ನು ಓರೆಯಾಗಿ ಕೂರಿಸಿ, ತೂತಿನ ಕೆಳಗೆ ಎರಡು ಬೆರಳು ಬಿಟ್ಟು ಉಳಿದದ್ದೆಲ್ಲ ನೀರು ತುಂಬುತ್ತೇವೆ. ಒಳಗೆ ಆವಿಗೆ ಜಾಗವೇ ಇರಬಾರದು, ಬಿಸಿಯಾದ ಗಾಳಿ ಹೊರಹೋಗಲು ಒಂದು ಬಾಯಿ ತೆರೆದೇ ಇರಬೇಕು. ಹಿತ್ತಾಳೆ ಬೆಸುಗೆಗೆ ಸುಮಾರು 900 ಡಿಗ್ರಿ ಕಾವು ಬೇಕು. ಸೀಸದ ಬೆಸುಗೆ 200 ಡಿಗ್ರಿಯ ಒಳಗೇ ಕರಗುತ್ತದೆ. ಚಿಕ್ಕ ತೂತಿಗೆ ನಾನು ಸೀಸದ್ದನ್ನೇ ಇಷ್ಟಪಡುತ್ತೇನೆ, ಬಣ್ಣ ಸುಡುವುದು ಕಡಿಮೆ, ಅಕ್ಕಪಕ್ಕದ ತೆಳುವಾದ ತಗಡು ಸೀಳುವುದಿಲ್ಲ.

ಕೆಲವರು ಸ್ಕೂಟರಿನ ಸೈಲೆನ್ಸರ್ ಹೊಗೆಯನ್ನು ಪೈಪಿನಲ್ಲಿ ಟ್ಯಾಂಕಿಗೆ ಬಿಟ್ಟು ನಂತರ ಬೆಸೆಯುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಕಡಿಮೆ ಎನ್ನುವುದು ಅವರ ವಾದ. ಸುಡದ ಪೆಟ್ರೋಲೂ ಆ ಹೊಗೆಯಲ್ಲೇ ಬರುತ್ತದೆ, ಒಳಗೆ ಎಷ್ಟು ಗಾಳಿ ಉಳಿಯಿತು ಎಂದು ಅಳೆಯುವವರು ಯಾರೂ ಇಲ್ಲ. ಆ ದಾರಿಗೆ ಹೋಗಬೇಡಿ, ಹೋಗುವವರ ಹತ್ತಿರ ನಿಲ್ಲಲೂ ಬೇಡಿ.

ಪಡುವಣ ಗಾಳಿ:

ಹಾಗಾದರೆ ಪುಟ್ಟಿಯೇ ಸರಿ ಎಂದಾಯಿತಲ್ಲ. ಬೆಂಕಿ ಬೇಕಿಲ್ಲ, ಕಾವು ಬೇಕಿಲ್ಲ. ಕಾಪು ಕಡೆಯ ನನ್ನ ಭಾವನ ಗಾಡಿಗೆ ಹಚ್ಚಿದ್ದು ಇಂದಿಗೂ ಹಿಡಿದು ನಿಂತಿದೆ.

ಕೀಲೆಣ್ಣೆ:

ಎಪಾಕ್ಸಿ ಬೇಡ ಎನ್ನುತ್ತಿಲ್ಲ, ಈ ಕೆಲಸಕ್ಕೆ ಎಪಾಕ್ಸಿಯೇ ಮನೆಯ ದಾರಿ. ಆದರೆ ನೀರಿನ ನಲ್ಲಿಗೆ ಮೆತ್ತುವ ಮಾಮೂಲು ಪುಟ್ಟಿ ಬೇರೆ, ಪೆಟ್ರೋಲ್ ತಡೆಯುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವ ಲೋಹದ ಎಪಾಕ್ಸಿ ಬೇರೆ. ಭಾವನವರ ಗಾಡಿಯ ಪುಟ್ಟಿ ನಿಂತಿದ್ದರೆ ಜಾಗ ಒಣಗಿತ್ತು, ತಗಡು ಗಟ್ಟಿಯಿತ್ತು ಎಂದರ್ಥ. ಒಳಗಿನಿಂದ ಪೆಟ್ರೋಲ್ ಜಿನುಗುತ್ತಿರುವಾಗ, ಬಣ್ಣದ ಮೇಲೆ ಮೆತ್ತಿದರೆ ಯಾವ ಪುಟ್ಟಿಯೂ ಹಿಡಿಯುವುದಿಲ್ಲ.

ಇನ್ನೊಂದು ಕಾರಣಕ್ಕೂ ತೊಳೆಯುವುದು ಮೊದಲು, ಮೆತ್ತುವುದು ಆಮೇಲೆ. ತುಕ್ಕು ತಿಂದ ಟ್ಯಾಂಕಿನಲ್ಲಿ ಎಷ್ಟೋ ತೂತುಗಳಿಗೆ ತುಕ್ಕೇ ಬಿರಡೆಯಾಗಿ ಕುಳಿತಿರುತ್ತದೆ. ನೀವು ಒಂದನ್ನು ಮುಚ್ಚಿ ಆರಾಮವಾಗಿ ಇರುತ್ತೀರಿ, ಎಥನಾಲ್ ಆ ಬಿರಡೆಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಹೋಗುತ್ತದೆ. ತುಕ್ಕನ್ನೆಲ್ಲ ತೆಗೆದ ಮೇಲೆ ನಿಜವಾದ ತೂತುಗಳೆಷ್ಟು ಎಂದು ಗೊತ್ತಾಗುತ್ತದೆ.

ಕ್ರಮ ಹೀಗಿರಲಿ. ಬ್ಯಾಟರಿಯ ತಂತಿ ತೆಗೆಯಿರಿ. ಪೆಟ್ರೋಲನ್ನು ಲೋಹದ ಕ್ಯಾನಿಗೆ ಇಳಿಸಿ, ಪ್ಲಾಸ್ಟಿಕ್ ಬಕೆಟ್ಟಿಗೆ ಬೇಡ. ಸೀಟು ತೆಗೆದು, ಹಿಂದಿನ ಬೋಲ್ಟು ಬಿಚ್ಚಿ, ಟ್ಯಾಂಕನ್ನು ಹಿಂದಕ್ಕೆ ಎಳೆದು ಮೇಲೆತ್ತಿ. ಫ್ಲೋಟಿನ ತಂತಿ ಇದ್ದರೆ ಮೊದಲು ಅದನ್ನು ಬಿಡಿಸಿ. ಮುಚ್ಚಳ, ಕಾಕು, ಫ್ಲೋಟು ತೆಗೆದು ಮನೆಯಿಂದ ದೂರ ನೆರಳಿನಲ್ಲಿ ಗಾಳಿಗೆ ಬಿಡಿ. ಒಗೆಯುವ ಪುಡಿಯ ಬಿಸಿನೀರಿನಲ್ಲಿ ತೊಳೆಯಿರಿ, ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಕಾಣದಾಗುವವರೆಗೆ.

ತುಕ್ಕಿಗೆ ಸಿಟ್ರಿಕ್ ಆಮ್ಲ ಸಾಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಕರಗಿಸಿ ಟ್ಯಾಂಕಿನ ಬಾಯಿಯವರೆಗೂ ತುಂಬಿ ರಾತ್ರಿಯಿಡೀ ಬಿಡಿ. ಹೊರಗಿನ ತೂತಿಗೆ ಆಗ ಸಾಬೂನು ಸಾಲದು, ಒಳಗೆ ಈಗ ನೀರೇ ಇರುವುದರಿಂದ ರಬ್ಬರಿನ ತುಂಡು ಇಟ್ಟು ಬಿಗಿಯಾಗಿ ಕಟ್ಟಿ. ದಪ್ಪ ಪದರವಿದ್ದರೆ ಒಂದು ಹಿಡಿ ನಟ್ಟುಗಳನ್ನು ದಾರಕ್ಕೆ ಪೋಣಿಸಿ ಒಳಗೆ ಬಿಟ್ಟು ಕುಲುಕಿ, ದಾರವಿದ್ದರೆ ಎಲ್ಲವನ್ನೂ ಹೊರಗೆಳೆಯಬಹುದು. ಕಕ್ಕಸು ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಬೇಡ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ತೊಳೆದ ಮೇಲೂ ಉಳಿದ ಕ್ಲೋರೈಡು ಮತ್ತೆ ತುಕ್ಕು ಹಿಡಿಸುತ್ತದೆ.

ಆಮ್ಲ ಚೆಲ್ಲಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ. ಬರಿಯ ಉಕ್ಕು ನಿಮ್ಮ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ತಡ ಮಾಡುವಂತಿಲ್ಲ.

ಬಣ್ಣವಿರುವ ಜಾಗಕ್ಕೆ ಎಪಾಕ್ಸಿ ತಾಗಕೂಡದು. ತೂತಿನ ಸುತ್ತ ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಕೈಯಿಂದಲೇ ಉಜ್ಜಿ. ಗ್ರೈಂಡರ್ ಬೇಡ, ಅದು ಕಿಡಿ ಹಾರಿಸುತ್ತದೆ. ಅಸಿಟೋನ್‌ನಿಂದ ಒರೆಸಿದ ಮೇಲೆ ಬೆರಳು ಮುಟ್ಟಿಸಬೇಡಿ. ಎಪಾಕ್ಸಿಯ ಎರಡೂ ಭಾಗ ಬೆರೆಸಿ ಮೊದಲ ಸ್ವಲ್ಪವನ್ನು ತೂತಿನ ಒಳಕ್ಕೆ ಒತ್ತಿ ತುಂಬಿ. ಅದರ ಮೇಲೆ ಫೈಬರ್ ಗ್ಲಾಸ್ ಬಟ್ಟೆಯ ಚಿಕ್ಕ ತುಂಡನ್ನು ಎಪಾಕ್ಸಿಯಲ್ಲಿ ನೆನೆಸಿ ಹಾಸಿ, ಮತ್ತೊಂದು ಪದರ ಎಪಾಕ್ಸಿ. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 24 ಗಂಟೆ, ಮುಟ್ಟದೆ ಬಿಡಿ. ಮಲೆನಾಡಿನ ಥಂಡಿಗೆ ಇನ್ನೂ ಒಂದು ದಿನ ಹೆಚ್ಚು ಕೊಟ್ಟರೆ ಒಳ್ಳೆಯದು.

ಸಿಲಿಕೋನ್ ಸೀಲಂಟ್ ಹಚ್ಚುವವರಿದ್ದಾರೆ. ಮಾಮೂಲಿ ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ ಲೋಳೆಯಾಗುತ್ತದೆ, ತುಣುಕು ಕಾರ್ಬ್ಯುರೇಟರಿನ ಸಣ್ಣ ಕಂಡಿಗೆ, ಜೆಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಕಾಕಿನ ತಿರುಪಿಗೆ ಟೆಫ್ಲಾನ್ ಟೇಪು ಸುತ್ತುವುದೂ ಅಷ್ಟೇ, ಎಳೆ ಕಿತ್ತು ಒಳಗೆ ಹೋಗುತ್ತದೆ.

ಎರಡು ಸ್ಟ್ರೋಕ್:

ಮೈಸೂರಿನಿಂದ. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಲ್ಲಿ ತಯಾರಾದ ನಮ್ಮ ಯೆಜ್ಡಿ ಬೈಕುಗಳು ಮಾತ್ರ ಇನ್ನೂ ಓಡುತ್ತಿವೆ. ಹಾಗಾಗಿ ಹಳೆಯ ಟ್ಯಾಂಕನ್ನು ಉಳಿಸಿಕೊಳ್ಳುವುದು ನಮಗೆ ಹಟವೂ ಹೌದು, ಅನಿವಾರ್ಯವೂ ಹೌದು. ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುತ್ತಿದ್ದುದರಿಂದ ಟ್ಯಾಂಕಿನ ಒಳಗೋಡೆಗೆ ಸದಾ ಎಣ್ಣೆಯ ಪಸೆ ಇರುತ್ತಿತ್ತು, ಅದೇ ಕಾಪಾಡಿತು. ನಿಮ್ಮ ನಾಲ್ಕು ಸ್ಟ್ರೋಕಿಗೆ ಆ ಭಾಗ್ಯವಿಲ್ಲ. ತುಕ್ಕು ತೆಗೆದು ಒಣಗಿಸಿದ ಕೂಡಲೇ ಸ್ವಲ್ಪ ಪೆಟ್ರೋಲಿಗೆ 2ಟಿ ಎಣ್ಣೆ ಬೆರೆಸಿ ಒಳಗೆಲ್ಲ ತಿರುಗಿಸಿ ಚೆಲ್ಲಿದರೆ ಹೊಸ ತುಕ್ಕು ಏಳುವುದಿಲ್ಲ. ಒಳಲೇಪನ ಮಾಡುವುದಿದ್ದರೆ ಮಾತ್ರ ಎಣ್ಣೆ ಸೋಕಿಸಬೇಡಿ, ಲೇಪ ಹಿಡಿಯುವುದಿಲ್ಲ.

ನಾನು ತುಕ್ಕಿಗೆ ವಿದ್ಯುತ್ ವಿಧಾನ ಬಳಸುತ್ತೇನೆ. ತೊಳೆದ ಟ್ಯಾಂಕಿಗೆ ವಾಷಿಂಗ್ ಸೋಡಾದ ನೀರು ತುಂಬಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಟ್ಯಾಂಕಿಗೆ, ಧನ ತಂತಿಯನ್ನು ಬಾಯಿಯಿಂದ ಇಳಿಬಿಟ್ಟ ಕಬ್ಬಿಣದ ಸರಳಿಗೆ ಸೇರಿಸಬೇಕು. ಸರಳು ಟ್ಯಾಂಕಿಗೆ ತಾಗಬಾರದು. ತಂತಿ ಅದಲು ಬದಲಾದರೆ ತುಕ್ಕಿನ ಬದಲು ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸರಳು ಬೇಡ, ಅದರ ಕ್ರೋಮಿಯಂ ನೀರಿಗೆ ಸೇರಿ ವಿಷವಾಗುತ್ತದೆ. ಹೈಡ್ರೋಜನ್ ಗುಳ್ಳೆ ಏಳುತ್ತದೆ, ಆದ್ದರಿಂದ ಇದೂ ಬಯಲಿನ ಕೆಲಸವೇ. ತಂತಿ ಜೋಡಿಸುವುದು, ಬಿಡಿಸುವುದು ಚಾರ್ಜರಿನ ಸ್ವಿಚ್ಚು ಆರಿಸಿದ ಮೇಲೆ.

ಕೆರೆದಂಡೆ:

ಒಳಲೇಪನ ಎಂದಿರಲ್ಲ, ಅದು ಎಲ್ಲರಿಗೂ ಬೇಕೇ? ನನ್ನ ಗಾಡಿಗೂ ಮಾಡಿಸಬೇಕೆಂದಿದ್ದೇನೆ. ಹೊರಗಿನ ತೇಪೆ ಒಂದೇ ಸಾಲದೇ?

ಎರಡು ಸ್ಟ್ರೋಕ್:

ಒಂದೇ ತೂತು, ಸುತ್ತಲಿನ ತಗಡು ಗಟ್ಟಿ ಎಂದಾದರೆ ಹೊರಗಿನ ತೇಪೆ ಸಾಕು ಅಕ್ಕಾ. ಕತ್ತಲಲ್ಲಿ ತೊಳೆದ ಟ್ಯಾಂಕಿನ ಒಳಗೆ ಚಿಕ್ಕ ಎಲ್‌ಇಡಿ ಟಾರ್ಚ್ ಇಳಿಬಿಟ್ಟರೆ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಆಮ್ಲದಲ್ಲಿ ತೊಳೆದು ಒಣಗಿಸಿದ ಮೇಲೆ ಮಾತ್ರ ಇದನ್ನು ಮಾಡಿ, ಪೆಟ್ರೋಲ್ ಚೆಲ್ಲಿದ ಟ್ಯಾಂಕಿಗೆ ಯಾವ ಟಾರ್ಚೂ ಇಳಿಯಕೂಡದು. ಮೂಲೆಯೊಂದರಲ್ಲಿ ಹಲವು ಚುಕ್ಕೆ ಕಂಡರೆ ಎರಡು ಭಾಗದ ಎಪಾಕ್ಸಿ ಒಳಲೇಪ ಬೇಕು. ಕಾಕಿನ ತೂತು ಮುಚ್ಚಿ, ಲೇಪ ಸುರಿದು, ಟ್ಯಾಂಕನ್ನು ಎಲ್ಲ ದಿಕ್ಕಿಗೂ ನಿಧಾನವಾಗಿ ತಿರುಗಿಸಿ, ಉಳಿದದ್ದನ್ನು ಪೂರ್ತಿ ಸುರಿದುಬಿಡಬೇಕು. ತಳದಲ್ಲಿ ಮಡುಗಟ್ಟಿದರೆ ಅಲ್ಲಿ ಒಣಗದೆ ಸುಲಿಯುತ್ತದೆ. ಡಬ್ಬಿಯ ಮೇಲೆ ಎಥನಾಲ್ ತಡೆಯುತ್ತದೆ ಎಂದು ಇಲ್ಲದಿದ್ದರೆ ಕೊಳ್ಳಬೇಡಿ. ಹಳೆಯ ಬಗೆಯ ಕೆಲವು ಲೇಪಗಳು ಎಥನಾಲಿನಲ್ಲಿ ಮೆತ್ತಗಾಗಿ ಹಾಳೆ ಹಾಳೆಯಾಗಿ ಏಳುತ್ತವೆ, ಆಮೇಲೆ ಅದನ್ನು ಕೀಳುವುದು ತುಕ್ಕಿಗಿಂತ ಕಷ್ಟ.

ಘಟ್ಟದ ಸವಾರ:

ಕೆಲಸ ಮುಗಿಯಿತು, ವಿವರ ಬರೆಯುತ್ತೇನೆ. ಗಾಡಿ ನಿಂತಷ್ಟು ದಿನ ಹಾಲನ್ನು ಪಕ್ಕದ ಮನೆಯ ಅಣ್ಣ ತನ್ನ ಗಾಡಿಯಲ್ಲಿ ಒಯ್ದ.

ಮೇಷ್ಟ್ರು ಹೇಳಿದ ಬಾಟಲಿ ಪರೀಕ್ಷೆಯಲ್ಲಿ ತಳದಲ್ಲಿ ಚಹಾ ಬಣ್ಣದ ಪದರ ಸ್ಪಷ್ಟವಾಗಿ ನಿಂತಿತು. ನೀರು ಎಲ್ಲಿಂದ ಎಂಬುದೂ ಸಿಕ್ಕಿತು. ನನ್ನ ಗಾಡಿಯ ಮುಚ್ಚಳ ಟ್ಯಾಂಕಿನ ಮಟ್ಟಕ್ಕೆ ಹುದುಗಿ ಕೂರುವಂಥದ್ದು. ಅದರ ಸುತ್ತಲಿನ ತಗ್ಗಿನಲ್ಲಿ ಸೂಜಿ ತೂರುವಷ್ಟು ಒಂದು ಕಂಡಿ ಇದೆ, ಮಳೆನೀರು ಅದರಿಂದ ಕೊಳವೆಯಲ್ಲಿ ಇಳಿದು ಕೆಳಗೆ ಹೋಗಬೇಕು. ಕೊಳವೆಯ ಕೆಳತುದಿಗೆ ಕುಂಬಾರ ಹುಳು ಮಣ್ಣು ತುಂಬಿಬಿಟ್ಟಿತ್ತು. ನೀರಿಗೆ ಇಳಿಯಲು ದಾರಿಯಿಲ್ಲದೆ ತಗ್ಗಿನಲ್ಲೇ ನಿಂತು, ಗಡಸಾದ ಮುಚ್ಚಳದ ರಬ್ಬರಿನ ಸಂದಿಯಿಂದ ಟ್ಯಾಂಕಿಗೆ ಹೋಗುತ್ತಿತ್ತು. ತೆಳುವಾದ ತಂತಿ ಆಡಿಸಿದಾಗ ಮಣ್ಣಿನ ಬತ್ತಿ ಹಾಗೆಯೇ ಹೊರಗೆ ಬಂತು. ಮುಚ್ಚಳದ ರಬ್ಬರನ್ನೂ ಬದಲಾಯಿಸಿದೆ.

ಕೀಲೆಣ್ಣೆಯವರ ಮಾತು ಅಕ್ಷರಶಃ ನಿಜವಾಯಿತು. ಆಮ್ಲ ಚೆಲ್ಲಿದ ಮೇಲೆ ಮೊದಲ ಚುಕ್ಕೆಯ ಪಕ್ಕದಲ್ಲೇ ಇನ್ನೂ ಎರಡು ತೂತು ತೆರೆದುಕೊಂಡವು. ಮೂರನ್ನೂ ಸೇರಿಸಿ ಒಂದೇ ಅಗಲದ ತೇಪೆ ಹಾಕಿದ್ದೇನೆ. ಸಾಬೂನಿನ ನೀರು ಹಚ್ಚಿ ಬಾಯಿಯಿಂದ ಊದಿ ನೋಡಿದೆ, ಗುಳ್ಳೆ ಬರಲಿಲ್ಲ. ಪೆಟ್ರೋಲ್ ತುಂಬಿ ಸೀಮೆಸುಣ್ಣ ಬಳಿದು ರಾತ್ರಿ ಬಯಲಿನಲ್ಲಿ ಬಿಟ್ಟೆ, ಬೆಳಿಗ್ಗೆ ಸುಣ್ಣ ಬೆಳ್ಳಗೇ ಇತ್ತು. ಒಳಲೇಪನ ಈ ಬೇಸಿಗೆಗೆ ಇಟ್ಟುಕೊಂಡಿದ್ದೇನೆ.

ಬೆಂಕಿ ಕೆಲಸದವನು:

ಬಾಯಿಯಿಂದ ಊದಿದ್ದು ಒಳ್ಳೆಯದಾಯಿತು, ತೊಳೆದ ಟ್ಯಾಂಕಾದ್ದರಿಂದ ತೊಂದರೆ ಇಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿದು ಪರೀಕ್ಷೆ ಮಾಡುವವರಿಗೆ ಹೇಳುತ್ತಿದ್ದೇನೆ: ಟ್ಯಾಂಕು ಒತ್ತಡ ತಡೆಯುವ ಪಾತ್ರೆಯಲ್ಲ, ಹೊಟ್ಟೆ ಉಬ್ಬಿ ಜೋಡಣೆ ಬಿರಿಯುತ್ತದೆ. ಒಳಲೇಪನಕ್ಕೆ ಮೊದಲು ನನ್ನಂಥವರ ಹತ್ತಿರ ಆ ಮೂಲೆಯನ್ನು ಒಮ್ಮೆ ತೋರಿಸಿ. ತಗಡು ಹೆಬ್ಬೆರಳಿಗೆ ಬಗ್ಗಿದರೆ ಲೇಪ ಮಾತ್ರ ಸಾಲದು, ತೇಪೆ ತಗಡನ್ನೇ ಬೆಸೆಯಬೇಕು.

ಕೆರೆದಂಡೆ:

ನನ್ನದು 2021ರ ಗಾಡಿ, ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವುದು. ಕಾಕೇ ಇಲ್ಲ. ಟ್ಯಾಂಕಿನ ಕೆಳಗೆ ಪಂಪಿನ ಸುತ್ತ ಒದ್ದೆ ಕಾಣುತ್ತಿದೆ. ಇದೇ ಕ್ರಮ ಅನುಸರಿಸಲೇ?

ಕೀಲೆಣ್ಣೆ:

ಬೇಡ ಅಕ್ಕಾ. 2020ರ ಏಪ್ರಿಲಿನಿಂದ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಪಂಪು ಟ್ಯಾಂಕಿನ ಒಳಗೇ ಇರುತ್ತದೆ, ಪೈಪಿನಲ್ಲಿ ಸುಮಾರು ಮೂರು ಬಾರ್ ಒತ್ತಡ ಇರುತ್ತದೆ. ಗಾಡಿ ಆರಿಸಿದ ಮೇಲೂ ಆ ಒತ್ತಡ ಸ್ವಲ್ಪ ಹೊತ್ತು ಉಳಿಯುತ್ತದೆ, ಪೈಪು ಕಿತ್ತರೆ ಪೆಟ್ರೋಲ್ ಕಣ್ಣಿಗೇ ಚಿಮ್ಮುತ್ತದೆ. ಪಂಪಿನ ಸುತ್ತ ಒದ್ದೆ ಎಂದರೆ ಬಹುಮಟ್ಟಿಗೆ ಅದರ ಓ-ರಿಂಗ್ ಹೋಗಿರುತ್ತದೆ, ಟ್ಯಾಂಕು ತೂತಾಗಿರುವುದಿಲ್ಲ. ಹಳೆಯ ರಿಂಗನ್ನೇ ಮತ್ತೆ ಹಾಕುವಂತಿಲ್ಲ, ಪಂಪಿನ ಬೋಲ್ಟುಗಳನ್ನು ಹೇಳಿದ ಅಳತೆಗೆ, ಹೇಳಿದ ಸರದಿಯಲ್ಲಿ ಬಿಗಿಯಬೇಕು. ಸರ್ವಿಸ್ ಸೆಂಟರಿಗೆ ಒಯ್ಯಿರಿ, ಆದರೆ ಓಡಿಸಿಕೊಂಡು ಹೋಗಬೇಡಿ, ಟೆಂಪೋದಲ್ಲಿ ಏರಿಸಿ. ಒದ್ದೆಯಾಗಿರುವ ಜಾಗದ ಫೋಟೋ ಹಾಕಿದರೆ ಓ-ರಿಂಗೋ ಪೈಪಿನ ಕ್ಲಿಪ್ಪೋ ಎಂದು ಇಲ್ಲೇ ನೋಡಿ ಹೇಳುತ್ತೇನೆ.